ಮೀಥೇನ ವಾಯುವೂ ಅದರ ಬಳಗವೂ: ಒಕ್ಕಲಿಗರು ತಿಳಿದಿರಬೇಕಾದ ಗುಣಧರ್ಮಗಳು

ಪೀಠಿಕೆ

ಬೆಳಗಾವಿ ಜಿಲ್ಲೆಯ ಉತ್ತರ ಭಾಗದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳು ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ನೀರಿನಿಂದ ಕಬ್ಬು ಬೆಳೆಯುವ ಸೀಮೆಯಾಗಿವೆ. ಹಸಿ ಮೇವಿನ ಅನುಕೂಲವಿರುವದರಿಂದ ಎಮ್ಮೆ, ಆಕಳುಗಳ ಸಾಕಾಣಿಕೆಯೂ ಇಲ್ಲಿ ಬೆಳೆದುಬಂದಿದೆ. ಇಂಥ ಊರುಗಳಲ್ಲಿ ಒಬ್ಬರ ಹಿತ್ತಲಲ್ಲಿ ಗೋಬರ ಗ್ಯಾಸಿನ ಗುಂಡಿ, ಮತ್ತೊಬ್ಬರ ಅಡಿಗೆಮನೆಯಲ್ಲಿ ಗ್ಯಾಸಿನ ಸಿಲಿಂಡರು, ಟ್ರ್ಯಾಕ್ಟರಿನ ಮನೆಯಲ್ಲಿ ಡೀಸೆಲ್ಲಿನ ಪೀಪಾಯಿ, ಬಾಳೆಯ ವ್ಯಾಪಾರಿಯಲ್ಲಿ ಹಣ್ಣು ಮಾಡುವ ಕೋಣೆ, ಕಮ್ಮಾರಸಾಲೆಯಲ್ಲಿ ಬೆಸುಗೆಯ ಗ್ಯಾಸು ಕಂಡುಬರುವವು. ನೋಡಲು ಬೇರೆ ಬೇರೆಯಾದ ಈ ಉರುವಲುಗಳೆಲ್ಲ ಒಂದೇ ಬಳಗಕ್ಕೆ ಸೇರಿದವು. ಇಂಗಾಲ ಮತ್ತು ಜಲಜನಕ ಎಂಬ ಎರಡೇ ಮೂಲವಸ್ತುಗಳಿಂದಾದ ಈ ಬಳಗಕ್ಕೆ ಹೈಡ್ರೋಕಾರ್ಬನ್ನುಗಳೆಂದು ಹೆಸರು.

ಹಳೆಯ ಹಗೇವಿಗಾಗಲಿ ಹಾಳುಬಾವಿಗಾಗಲಿ ಇಳಿಯುವ ಮೊದಲು ಬಾಯಿ ತೆರೆದಿಟ್ಟು, ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ಕಟ್ಟಿದ ದೀಪವನ್ನು ಇಳಿಬಿಟ್ಟು ನೋಡುವ ರೂಢಿಯು ಹಿರಿಯರಲ್ಲಿತ್ತು. ದೀಪವು ಆರಿದರೆ ಮನುಷ್ಯನು ಇಳಿಯತಕ್ಕದ್ದಲ್ಲ. ಈ ರೂಢಿಯು ಅನೇಕರ ಪ್ರಾಣವನ್ನು ಉಳಿಸಿದೆ. ಆದರೆ ಇದೇ ಪರೀಕ್ಷೆಯನ್ನು ಗೋಬರ ಗ್ಯಾಸಿನ ಗುಂಡಿಗೆ ಮಾಡಹೋದರೆ ಕಾಯಬೇಕಾದ ದೀಪವೇ ಕೊಲ್ಲುವದು. ಒಂದೇ ದೀಪವು ಒಂದು ಕುಣಿಯಲ್ಲಿ ಹಿತವೂ ಇನ್ನೊಂದರಲ್ಲಿ ಘಾತಕವೂ ಆಗುವದೇಕೆ? ಇದನ್ನು ತಿಳಿಯಬೇಕಾದರೆ ಪ್ರತಿಯೊಂದು ವಾಯುವಿನ ತೂಕ, ಅದು ಕುದಿಯುವ ಉಷ್ಣಮಾನ, ಅದು ಉರಿಯುವ ಬಗೆ ಈ ಮೂರು ಸಂಗತಿಗಳನ್ನು ಅರಿತಿರುವದು ಅವಶ್ಯ. ಊರ ಹಿರಿಯರೂ ಜಮೀನುದಾರರೂ ಇವನ್ನು ಅರಿತಲ್ಲಿ ತಮ್ಮ ಮನೆಯ ಆಳುಕಾಳುಗಳನ್ನೂ ನೆರೆಯವರನ್ನೂ ಅಪಾಯದಿಂದ ತಪ್ಪಿಸಬಲ್ಲರು.

೧. ಅಣುವಿನ ರಚನೆ

ಇಂಗಾಲದ ಪ್ರತಿಯೊಂದು ಪರಮಾಣುವಿಗೆ ನಾಲ್ಕು ಕೈಗಳಿವೆಯೆಂದೂ ಜಲಜನಕದ ಪರಮಾಣುವಿಗೆ ಒಂದೇ ಕೈ ಇದೆಯೆಂದೂ ಭಾವಿಸಬೇಕು. ಇಂಗಾಲದ ಈ ನಾಲ್ಕು ಹಿಡಿತಗಳನ್ನು ಜರ್ಮನಿಯ ಕೆಕುಲೆ ಎಂಬ ಪಂಡಿತನು ೧೮೫೮ರಲ್ಲಿ ವಿವರಿಸಿದನು. ಒಂದು ಇಂಗಾಲವು ತನ್ನ ನಾಲ್ಕು ಕೈಗಳಿಂದ ನಾಲ್ಕು ಜಲಜನಕಗಳನ್ನು ಹಿಡಿದರೆ ಮೀಥೇನವಾಗುವದು. ಈ ಬಳಗದಲ್ಲಿ ಇದೇ ಎಲ್ಲಕ್ಕೂ ಸರಳವಾದುದು.

ಇಂಗಾಲಗಳು ಸರಪಳಿಯ ಕೊಂಡಿಗಳಂತೆ ಒಂದಕ್ಕೊಂದು ಕೈಹಿಡಿದು ನಿಲ್ಲಬಲ್ಲವು. ಎರಡು ಕೊಂಡಿಯದು ಈಥೇನ, ಮೂರು ಕೊಂಡಿಯದು ಪ್ರೋಪೇನ, ನಾಲ್ಕು ಕೊಂಡಿಯದು ಬ್ಯೂಟೇನ. ಸರಪಳಿಯು ಬೆಳೆದಂತೆ ಪೆಟ್ರೋಲು, ಚಿಮಣಿ ಎಣ್ಣೆ, ಡೀಸೆಲ್ಲು, ಕಡೆಗೆ ಮೇಣದಬತ್ತಿಯ ಮೇಣ ಇವು ದೊರೆಯುವವು. ಇವುಗಳಲ್ಲಿ ಇಂಗಾಲಗಳು ಒಂದೊಂದೇ ಕೈಯಿಂದ ಪರಸ್ಪರ ಹಿಡಿದಿರುವವು. ಎಥಿಲೀನದಲ್ಲಿ ಎರಡು ಇಂಗಾಲಗಳು ಎರಡೆರಡು ಕೈಗಳಿಂದಲೂ, ಅಸಿಟಿಲೀನದಲ್ಲಿ ಮೂರು ಮೂರು ಕೈಗಳಿಂದಲೂ ಹಿಡಿದಿರುವವು. ನೋಡುವವರಿಗೆ ಈ ಹಿಡಿತವು ಹೆಚ್ಚು ಗಟ್ಟಿಯೆಂದು ತೋರುವದು. ಆದರೆ ಹೆಚ್ಚಿನ ಕೈಗಳು ಬಿಚ್ಚಿ ಬೇರೆ ವಸ್ತುಗಳೊಡನೆ ಕೂಡಲು ಸದಾ ಸಿದ್ಧವಾಗಿರುವವು. ಆದಕಾರಣ ಮೀಥೇನ, ಪ್ರೋಪೇನಗಳು ಬೆಂಕಿ ತಗಲುವವರೆಗೆ ಸುಮ್ಮನಿರುವ ಸ್ವಭಾವದವು; ಎಥಿಲೀನ, ಅಸಿಟಿಲೀನಗಳು ಚುರುಕು ಸ್ವಭಾವದವು.

೨. ತೂಕ ಮತ್ತು ಕುದಿಯುವ ಉಷ್ಣಮಾನ

ಗಾಳಿಯ ಸರಾಸರಿ ಅಣುಭಾರವು ೨೯. ಯಾವ ವಾಯುವಿನ ಅಣುಭಾರವು ಇದಕ್ಕಿಂತ ಕಡಿಮೆಯೋ ಅದು ಮೇಲಕ್ಕೇರುವದು, ಹೆಚ್ಚಿದ್ದರೆ ನೆಲಕ್ಕಿಳಿಯುವದು. ಮುಖ್ಯವಾದವುಗಳ ಪಟ್ಟಿಯು ಹೀಗಿದೆ. ಉಷ್ಣಮಾನವು ಸೆಂಟಿಗ್ರೇಡಿನಲ್ಲಿದೆ.

ಮೀಥೇನ: ಇಂಗಾಲ ೧, ಜಲಜನಕ ೪, ಅಣುಭಾರ ೧೬, ಶೂನ್ಯಕ್ಕಿಂತ ೧೬೧ ಡಿಗ್ರಿ ಕೆಳಗೆ ಕುದಿಯುವದು.
ಈಥೇನ: ಇಂಗಾಲ ೨, ಜಲಜನಕ ೬, ಅಣುಭಾರ ೩೦, ಶೂನ್ಯಕ್ಕಿಂತ ೮೯ ಡಿಗ್ರಿ ಕೆಳಗೆ.
ಪ್ರೋಪೇನ: ಇಂಗಾಲ ೩, ಜಲಜನಕ ೮, ಅಣುಭಾರ ೪೪, ಶೂನ್ಯಕ್ಕಿಂತ ೪೨ ಡಿಗ್ರಿ ಕೆಳಗೆ.
ಬ್ಯೂಟೇನ: ಇಂಗಾಲ ೪, ಜಲಜನಕ ೧೦, ಅಣುಭಾರ ೫೮, ಹೆಚ್ಚು ಕಡಿಮೆ ಶೂನ್ಯದಲ್ಲಿಯೇ.
ಪೆಂಟೇನ: ಇಂಗಾಲ ೫, ಜಲಜನಕ ೧೨, ಅಣುಭಾರ ೭೨, ೩೬ ಡಿಗ್ರಿಗೆ.
ಎಥಿಲೀನ: ಇಂಗಾಲ ೨, ಜಲಜನಕ ೪, ಅಣುಭಾರ ೨೮, ಶೂನ್ಯಕ್ಕಿಂತ ೧೦೪ ಡಿಗ್ರಿ ಕೆಳಗೆ.

ಇದರಿಂದ ಎರಡು ಪಾಠಗಳು ದೊರೆಯುವವು. ಮೊದಲನೆಯದು, ಶುದ್ಧ ಮೀಥೇನವು ಗಾಳಿಯ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು ತೂಕದ್ದು. ಬ್ಯೂಟೇನವಾದರೋ ಗಾಳಿಯ ಇಮ್ಮಡಿ ತೂಕದ್ದು. ಎರಡನೆಯದು, ಸರಪಳಿಯು ಉದ್ದವಾದಂತೆ ಅಣುಗಳ ಪರಸ್ಪರ ಆಕರ್ಷಣೆಯು ಹೆಚ್ಚಿ, ಕುದಿಯುವ ಉಷ್ಣಮಾನವು ಏರುತ್ತ ಹೋಗುವದು. ಐದು ಇಂಗಾಲದ ಪೆಂಟೇನವು ಚಳಿಗಾಲದಲ್ಲಿ ದ್ರವವಾಗಿರುವದು, ಅಥಣಿಯ ಬೇಸಿಗೆಯ ಮಧ್ಯಾಹ್ನದಲ್ಲಿ ಮುಚ್ಚಳ ತೆಗೆದಿಟ್ಟರೆ ಕುದಿದು ಹೋಗುವದು. ಪೆಟ್ರೋಲಿನಲ್ಲಿ ಇಂಥ ಹಗುರಾದ ಅಣುಗಳಿರುವದರಿಂದಲೇ ಅದರ ಡಬ್ಬಿಯನ್ನು ಬಿಸಿಲಿನಲ್ಲಿಡಬಾರದು.

ಈ ಬಳಗದ ಯಾವ ವಸ್ತುವೂ ನೀರಿನಲ್ಲಿ ಚೆನ್ನಾಗಿ ಕರಗುವದಿಲ್ಲ. ಗುಂಡಿಯ ರಾಡಿಯಿಂದ ಮೀಥೇನವು ಗುಳ್ಳೆಗಳಾಗಿ ಮೇಲೇಳುವದೂ, ಡೀಸೆಲ್ಲು ನೀರಿನ ಮೇಲೆ ತೇಲುವದೂ ಇದೇ ಕಾರಣದಿಂದ. ಉರಿಯುವ ಎಣ್ಣೆಯ ಮೇಲೆ ನೀರು ಸುರಿದರೆ ಎಣ್ಣೆಯು ತೇಲಿ ಬೆಂಕಿಯನ್ನು ಹರಡುವದು. ಮಣ್ಣು ಇಲ್ಲವೆ ಉಸುಕನ್ನೇ ಹಾಕತಕ್ಕದ್ದು.

೩. ಉರಿಯುವ ಬಗೆ

ಹೈಡ್ರೋಕಾರ್ಬನ್ನು ಉರಿಯುವಾಗ ಅದರ ಇಂಗಾಲವು ಗಾಳಿಯ ಆಮ್ಲಜನಕದೊಡನೆ ಕೂಡಿ ಇಂಗಾಲಾಮ್ಲ ವಾಯುವೂ, ಜಲಜನಕವು ಕೂಡಿ ನೀರಾವಿಯೂ ಆಗುವವು. ಒಂದು ಪಾಲು ಮೀಥೇನವು ಪೂರ್ಣವಾಗಿ ಉರಿಯಲು ಸುಮಾರು ಹತ್ತು ಪಾಲು ಗಾಳಿ ಬೇಕು. ಪ್ರೋಪೇನಕ್ಕೆ ೨೪ ಪಾಲು, ಬ್ಯೂಟೇನಕ್ಕೆ ೩೧ ಪಾಲು ಬೇಕು. ಸಿಲಿಂಡರಿನ ಒಲೆಯನ್ನು ಗೋಬರ ಗ್ಯಾಸಿಗೆ ಹಾಗೆಯೇ ಜೋಡಿಸಿದರೆ ಜ್ವಾಲೆಯು ಸರಿಯಾಗಿ ನಿಲ್ಲದಿರುವದು ಇದರಿಂದಲೇ. ಅದಕ್ಕೆ ಹೊಂದಿದ ರಂಧ್ರಗಳುಳ್ಳ ಬೇರೆ ಒಲೆಯನ್ನೇ ಉಪಯೋಗಿಸತಕ್ಕದ್ದು.

ಗಾಳಿಯು ಸಾಲದಿದ್ದರೆ ಇಂಗಾಲವು ಅರೆಬೆಂದು ಮಸಿಯಾಗುವದು, ಇಲ್ಲವೆ ಕಾರ್ಬನ ಮೊನಾಕ್ಸೈಡ ಎಂಬ ವಿಷವಾಯುವಾಗುವದು. ಈ ವಾಯುವಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಡೀಸೆಲ್ಲಿನ ಪಂಪುಸೆಟ್ಟನ್ನು ಬಾವಿಯ ಒಳಗಟ್ಟೆಯ ಮೇಲಿಟ್ಟು ನಡೆಸಿ, ಅದು ನಿಂತೊಡನೆ ಇಳಿದು ನೋಡುವದು ಈ ಕಾರಣದಿಂದ ಪ್ರಾಣಾಂತಿಕವಾದುದು.

ಇನ್ನೊಂದು ಸಂಗತಿಯನ್ನು ಚೆನ್ನಾಗಿ ನೆನಪಿಡಬೇಕು. ಈ ವಾಯುಗಳು ಗಾಳಿಯೊಡನೆ ಒಂದು ಪ್ರಮಾಣದಲ್ಲಿ ಬೆರೆತಾಗ ಮಾತ್ರ ಸಿಡಿಯುವವು. ನೂರು ಪಾಲು ಮಿಶ್ರಣದಲ್ಲಿ ಮೀಥೇನವು ೫ರಿಂದ ೧೫ ಪಾಲು, ಸಿಲಿಂಡರಿನ ಗ್ಯಾಸು ಸುಮಾರು ೨ರಿಂದ ೯ ಪಾಲು ಇದ್ದಾಗ ಕಿಡಿ ತಗಲಿದರೆ ಸ್ಫೋಟವಾಗುವದು. ಅಸಿಟಿಲೀನದ ಮೇರೆಯಾದರೋ ಬಹು ವಿಶಾಲ. ಎರಡೂವರೆ ಪಾಲಿನಿಂದ ೮೦ ಪಾಲಿನವರೆಗೂ ಅದು ಅಪಾಯಕರವಾದುದು.

೪. ಗೋಬರ ಗ್ಯಾಸು

ಇಟಲಿಯ ವೋಲ್ಟಾ ಎಂಬ ಪಂಡಿತನು ೧೭೭೬ರಲ್ಲಿ ಮಜ್ಜೋರೆ ಸರೋವರದ ಕೆಸರನ್ನು ಕಲಕಿ, ಮೇಲೆದ್ದ ಗುಳ್ಳೆಗಳ ವಾಯುವನ್ನು ಸಂಗ್ರಹಿಸಿ ಅದು ಉರಿಯುವದೆಂದು ತೋರಿಸಿದನು. ನೀರು ನಿಂತ ಕಬ್ಬಿನ ಹೊಲದ ಬಸಿಗಾಲುವೆಯಲ್ಲಿ ಕೋಲಿನಿಂದ ಕೆಸರು ಕದಡಿದರೆ ಏಳುವ ಗುಳ್ಳೆಗಳಲ್ಲಿಯೂ ಅದೇ ಮೀಥೇನವಿರುವದು. ಗಾಳಿ ತಗಲದಲ್ಲಿ ಸೂಕ್ಷ್ಮ ಜೀವಿಗಳು ಕಸ, ಸೆಗಣಿಗಳನ್ನು ಕೊಳೆಯಿಸಿ ಅದನ್ನು ಉಂಟುಮಾಡುವವು. ಈ ತತ್ತ್ವದ ಮೇಲೆಯೇ ಗೋಬರ ಗ್ಯಾಸಿನ ಗುಂಡಿಯು ನಡೆಯುವದು. ಕಬ್ಬಿಣದ ಡೋಣಿಯು ಮೇಲೆ ಕೆಳಗೆ ಸರಿಯುವ ಮಾದರಿಯನ್ನು ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು ೧೯೬೨ರಿಂದ ಪ್ರಚಾರಕ್ಕೆ ತಂದಿತು. ಇಟ್ಟಿಗೆಯ ಗುಮ್ಮಟದ ದೀನಬಂಧು ಮಾದರಿಯು ೧೯೮೪ರಲ್ಲಿ ಬಂದಿತು.

ಒಂದು ಕಿಲೋ ಹಸಿ ಸೆಗಣಿಯಿಂದ ಸುಮಾರು ೪೦ ಲೀಟರು ಗ್ಯಾಸು ದೊರೆಯುವದು. ದಿನಕ್ಕೆ ೨ ಘನಮೀಟರು ಗ್ಯಾಸು ಬೇಕಾದರೆ ೫೦ ಕಿಲೋ ಸೆಗಣಿಯನ್ನು ಅಷ್ಟೇ ನೀರಿನಲ್ಲಿ ಕಲಸಿ ಹಾಕಬೇಕು. ಒಂದು ಘನಮೀಟರು ಗ್ಯಾಸಿನ ಕಾವು ಸಿಲಿಂಡರಿನ ಸುಮಾರು ೪೫೦ ಗ್ರಾಮು ಗ್ಯಾಸಿನ ಕಾವಿಗೆ ಸಮ. ಹೀಗೆ ೨ ಘನಮೀಟರಿನ ಗುಂಡಿಯು ತಪ್ಪದೆ ನಡೆದರೆ ತಿಂಗಳಿಗೆ ೧೪.೨ ಕಿಲೋದ ಎರಡು ಸಿಲಿಂಡರುಗಳಿಗೆ ತುಸು ಕಡಿಮೆಯಾದಷ್ಟು ಉರುವಲನ್ನು ಕೊಡುವದು. ಚಳಿಗಾಲದಲ್ಲಿ ಸೂಕ್ಷ್ಮ ಜೀವಿಗಳ ಕೆಲಸವು ಮಂದವಾಗುವದರಿಂದ ಗ್ಯಾಸು ಕಡಿಮೆಯಾಗುವದು. ಆದ್ದರಿಂದ ಗುಂಡಿಯು ಬಿಸಿಲು ಬೀಳುವ ಸ್ಥಳದಲ್ಲಿರಬೇಕು.

ಒಕ್ಕಲಿಗನಿಗೆ ಇದರಿಂದಾಗುವ ಮತ್ತೊಂದು ಲಾಭವು ರಸಾಯನ ಶಾಸ್ತ್ರದಿಂದಲೇ ಸ್ಪಷ್ಟವಾಗುವದು. ಮೀಥೇನದಲ್ಲಿರುವವು ಇಂಗಾಲ, ಜಲಜನಕ ಎರಡೇ. ಗ್ಯಾಸಾಗಿ ಹೊರಟುಹೋಗುವ ಮುಖ್ಯ ಭಾಗವು ಇವೇ ಆಗಿದ್ದು, ಬೆಳೆಗೆ ಬೇಕಾದ ಸಾರಜನಕ, ರಂಜಕ, ಪೊಟ್ಯಾಶಗಳು ರಾಡಿಯಲ್ಲಿಯೇ ಉಳಿಯುವವು. ಸೆಗಣಿಯನ್ನು ಕುಳ್ಳು ತಟ್ಟಿ ಸುಟ್ಟರೆ ಸಾರಜನಕವು ಹೊಗೆಯೊಡನೆ ಹಾಳಾಗುವದು. ಒಂದೇ ಬುಟ್ಟಿ ಸೆಗಣಿಯು ಕುಳ್ಳಾದರೆ ಒಲೆಗೆ ಮಾತ್ರ. ಗುಂಡಿಗೆ ಬಿದ್ದರೆ ಒಲೆಗೂ ಹೊಲಕ್ಕೂ ಆಗುವದು.

ಗೋಬರ ಗ್ಯಾಸನ್ನು ಮನೆಯ ಸಿಲಿಂಡರಿನಲ್ಲಿ ತುಂಬಿಡಬಾರದೇ ಎಂದು ಕೆಲವರು ಕೇಳುವದುಂಟು. ಪ್ರೋಪೇನ, ಬ್ಯೂಟೇನಗಳು ಸಾಧಾರಣ ಉಷ್ಣಮಾನದಲ್ಲಿಯೇ ಸ್ವಲ್ಪ ಒತ್ತಡಕ್ಕೆ ದ್ರವವಾಗುವವು. ಮೀಥೇನವನ್ನು ಶೂನ್ಯಕ್ಕಿಂತ ೮೨ ಡಿಗ್ರಿಗೂ ಕೆಳಗೆ ತಂಪುಮಾಡದ ಹೊರತು ಎಷ್ಟು ಒತ್ತಿದರೂ ಅದು ದ್ರವವಾಗದು. ಅದನ್ನು ವಾಹನಗಳಿಗೆ ತುಂಬಬೇಕಾದರೆ ಮೊದಲು ಇಂಗಾಲಾಮ್ಲವನ್ನು ತೆಗೆದು, ವಾಯುಮಂಡಲದ ಸುಮಾರು ಇನ್ನೂರು ಪಟ್ಟು ಒತ್ತಡದಲ್ಲಿ ವಿಶೇಷ ಸಿಲಿಂಡರುಗಳಲ್ಲಿ ಅಡಕಬೇಕಾಗುವದು. ಇದು ಕಾರಖಾನೆಯ ಕೆಲಸ. ಕೇಂದ್ರ ಸರಕಾರವು ೨೦೧೮ರ ಅಕ್ಟೋಬರದಲ್ಲಿ ಆರಂಭಿಸಿದ ಸತತ್ ಯೋಜನೆಯು ಇಂಥ ಅಡಕಿದ ಗ್ಯಾಸಿನ ಉತ್ಪಾದನೆಗಾಗಿಯೇ ಇದೆ. ಸಕ್ಕರೆ ಕಾರಖಾನೆಗಳ ಪ್ರೆಸ್‌ಮಡ್ಡಿಯೂ ಅದಕ್ಕೆ ಒದಗುವ ಕಚ್ಚಾ ಮಾಲು. ೧೯೩೯ರಲ್ಲಿ ಸ್ಥಾಪಿತವಾದ ಉಗಾರದ ಕಾರಖಾನೆಯಿಂದ ಮೊದಲಾಗಿ ಅನೇಕ ಸಕ್ಕರೆ ಕಾರಖಾನೆಗಳಿರುವ ಈ ಸೀಮೆಯಲ್ಲಿ ಆ ಕಚ್ಚಾ ಮಾಲಿಗೆ ಕೊರತೆಯಿಲ್ಲ. ಮನೆಯಲ್ಲಿ ಮಾತ್ರ ಯಾರೂ ಆ ಸಾಹಸಕ್ಕೆ ಹೋಗತಕ್ಕದ್ದಲ್ಲ.

೫. ಹಗೇವೂ ಗ್ಯಾಸಿನ ಗುಂಡಿಯೂ

ಈಗ ಪೀಠಿಕೆಯಲ್ಲಿ ಹೇಳಿದ ದೀಪದ ವಿಷಯ. ಹಗೇವಿನಲ್ಲಿ ಕಾಳು ಉಸಿರಾಡಿ ಆಮ್ಲಜನಕವನ್ನು ತೀರಿಸುವದು; ೪೪ ಅಣುಭಾರದ ಇಂಗಾಲಾಮ್ಲವು ತಳದಲ್ಲಿ ತುಂಬಿ ನಿಲ್ಲುವದು. ಇಂಗಾಲಾಮ್ಲವು ತಾನು ಉರಿಯುವದೂ ಇಲ್ಲ, ಉರಿಯಗೊಡುವದೂ ಇಲ್ಲ. ಆದ್ದರಿಂದ ಅಲ್ಲಿ ದೀಪವು ಆರುವದು, ಅಪಾಯವನ್ನು ತಿಳಿಸುವದು. ಹಾಗೆಂದು ದೀಪವು ಉರಿದ ಮಾತ್ರಕ್ಕೆ ಪೂರ್ಣ ನಿರ್ಭಯವೆಂದೂ ತಿಳಿಯಬಾರದು. ಬಹಳ ಹೊತ್ತು ಗಾಳಿಯಾಡಿಸಿಯೇ ಇಳಿಯಬೇಕು.

ಗೋಬರ ಗ್ಯಾಸಿನಲ್ಲಿ ನೂರಕ್ಕೆ ಸುಮಾರು ೬೦ ಪಾಲು ಮೀಥೇನ, ೪೦ ಪಾಲು ಇಂಗಾಲಾಮ್ಲ, ಅಲ್ಪ ಪ್ರಮಾಣದಲ್ಲಿ ಹೈಡ್ರೋಜನ ಸಲ್ಫೈಡ ಎಂಬ ವಿಷವಾಯು ಇರುವವು. ಮೀಥೇನವು ಹಗುರು, ಮುಚ್ಚಳ ತೆಗೆದರೆ ಗ್ಯಾಸೆಲ್ಲ ಮೇಲಕ್ಕೆ ಹಾರಿಹೋಗುವದೆಂದು ಅನೇಕರ ತಿಳುವಳಿಕೆ. ಈ ತಿಳುವಳಿಕೆಯು ತಪ್ಪು. ಬೆರೆತ ವಾಯುಗಳು ತಾವಾಗಿ ಬೇರ್ಪಡುವದಿಲ್ಲ. ೧೬ರ ಅರವತ್ತು ಪಾಲನ್ನೂ ೪೪ರ ನಾಲ್ವತ್ತು ಪಾಲನ್ನೂ ಕೂಡಿಸಿ ಸರಾಸರಿ ತೆಗೆದರೆ ಸುಮಾರು ೨೭ ಆಗುವದು. ಗಾಳಿಯದು ೨೯. ಅಂದರೆ ಈ ಮಿಶ್ರಣವು ಹೆಚ್ಚು ಕಡಿಮೆ ಗಾಳಿಯಷ್ಟೇ ತೂಕದ್ದು. ಬೇಗನೆ ಏರಿಹೋಗದೆ ಕುಣಿಯಲ್ಲಿಯೇ ಸುಳಿಯುತ್ತಿರುವದು. ತಳದ ರಾಡಿಯನ್ನು ತುಳಿದು ಕಲಕಿದಂತೆ ಹೊಸದಾಗಿ ವಾಯುವು ಏಳುತ್ತಲೇ ಇರುವದು.

ಇಂಥಲ್ಲಿ ದೀಪವನ್ನು ಇಳಿಬಿಟ್ಟರೆ, ಗಾಳಿ ಬೆರೆತ ಮೀಥೇನಕ್ಕೆ ಬೆಂಕಿ ತಗಲಿ ಸ್ಫೋಟವಾಗುವದು. ದೀಪವಿಲ್ಲದೆ ಇಳಿದರೆ ಉಸಿರುಗಟ್ಟುವದು. ಕೊಳೆತ ತತ್ತಿಯ ವಾಸನೆಯು ಬಾರದಿದ್ದರೆ ಭಯವಿಲ್ಲವೆಂಬುದೂ ಸರಿಯಲ್ಲ. ಹೈಡ್ರೋಜನ ಸಲ್ಫೈಡವು ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕುಂದಿಸುವದು. ಒಬ್ಬನು ಬಿದ್ದನೆಂದು ಅವನನ್ನು ಎತ್ತಲು ಎರಡನೆಯವನೂ, ಅವರಿಬ್ಬರಿಗಾಗಿ ಮೂರನೆಯವನೂ ಇಳಿದು ಒಂದೇ ಮನೆಯ ಹಲವರು ಸಾಯುವದು ಇಂಥ ಅಪಘಾತಗಳ ಸಾಮಾನ್ಯ ರೀತಿ. ಪ್ರೀತಿಯಿಂದ ಹಾರಿದವನು ಪ್ರಾಣವನ್ನು ಉಳಿಸಲಾರನು, ತನ್ನದನ್ನೂ ಕಳೆದುಕೊಳ್ಳುವನು.

ಮಹಾಪೂರದ ನಂತರ ಈ ಎಚ್ಚರಿಕೆಯು ವಿಶೇಷವಾಗಿ ಬೇಕು. ೨೦೧೯ರ ಆಗಸ್ಟದಲ್ಲಿ ಕೃಷ್ಣಾ ಮತ್ತು ಅದರ ಉಪನದಿಗಳ ನೀರು ಈ ತಾಲೂಕುಗಳ ತೀರದ ಊರುಗಳನ್ನು ಹೊಕ್ಕಿತ್ತು. ಹಾಗೆ ಮುಳುಗಿ ಕೆಸರು ತುಂಬಿದ ಗುಂಡಿಯನ್ನು ತೆಗೆದು ಸ್ವಚ್ಛಮಾಡಲು ಆಳನ್ನು ಒಳಗಿಳಿಸುವದು ಅತ್ಯಂತ ಅಪಾಯಕರವಾದುದು. ಮತ್ತೆ ನಡೆಸಲು ಆರಂಭಿಸಿದಾಗಲೂ ಮೊದಲು ಬರುವ ಗ್ಯಾಸಿನಲ್ಲಿ ಗಾಳಿ ಬೆರೆತಿರುವದರಿಂದ, ಅದನ್ನು ಹೊತ್ತಿಸದೆ ಬಯಲಿಗೆ ಬಿಡತಕ್ಕದ್ದು. ಹೊಸ ಗುಂಡಿಗೂ ಇದೇ ನಿಯಮ. ಆ ಮೇಲೆ ಮಾತ್ರ ಗ್ಯಾಸನ್ನು ವ್ಯರ್ಥ ಬಿಡಬಾರದು. ಮೀಥೇನವು ಭೂಮಿಯ ಉಷ್ಣವನ್ನು ಹಿಡಿದಿಡುವದರಲ್ಲಿ ಇಂಗಾಲಾಮ್ಲಕ್ಕಿಂತ ಅನೇಕ ಪಟ್ಟು ಬಲವಾದುದರಿಂದ ಉರಿಸುವದೇ ಲೇಸು.

೬. ಸಿಲಿಂಡರಿನ ಗ್ಯಾಸು

ಸಿಲಿಂಡರಿನಲ್ಲಿರುವದು ಪ್ರೋಪೇನ, ಬ್ಯೂಟೇನಗಳ ಮಿಶ್ರಣ. ೨೦೧೬ರಲ್ಲಿ ಉಜ್ವಲಾ ಯೋಜನೆಯು ಬಂದ ಮೇಲೆ ಬಡವರ ಮನೆಗಳಲ್ಲಿಯೂ ಇದು ಸೇರಿದೆ. ಒಂದು ಲೀಟರು ದ್ರವವು ಹೊರಬಿದ್ದರೆ ಸುಮಾರು ೨೫೦ ಲೀಟರು ವಾಯುವಾಗುವದು. ಗಾಳಿಗಿಂತ ಭಾರವಾದುದರಿಂದ ಅದು ನೀರಿನಂತೆ ನೆಲದ ಮೇಲೆ ಹರಿದು ಮೋರಿಯನ್ನೂ ತಗ್ಗಿನ ಮೂಲೆಗಳನ್ನೂ ತುಂಬುವದು. ಎತ್ತರದ ಬೆಳಕಿಂಡಿಯಿಂದ ಹೊರಬೀಳುವದೆಂದು ನಂಬುವದು ವ್ಯರ್ಥ. ನೆಲದ ಸಮಕ್ಕೂ ಗಾಳಿಗೆ ದಾರಿಯಿರಬೇಕು.

ಹತ್ತು ಅಡಿ ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರದ ಕೋಣೆಯಲ್ಲಿ ಸುಮಾರು ೨೮ ಘನಮೀಟರು ಗಾಳಿ ಹಿಡಿಯುವದು. ಅದರಲ್ಲಿ ನೂರಕ್ಕೆ ಎರಡು ಪಾಲು ಗ್ಯಾಸು ಬೆರೆಯಲು ಒಂದು ಕಿಲೋಕ್ಕಿಂತ ತುಸು ಹೆಚ್ಚು ಸೋರಿದರೆ ಸಾಕು. ಇದು ಸಿಲಿಂಡರಿನ ಹತ್ತನೆಯ ಒಂದು ಪಾಲೂ ಅಲ್ಲ. ನೆಲದ ಹತ್ತಿರವೇ ಕೂಡುವದರಿಂದ ಇನ್ನೂ ಕಡಿಮೆ ಸೋರಿದರೂ ಅಪಾಯವುಂಟು. ಈ ವಾಯುಗಳಿಗೆ ಸ್ವಂತ ವಾಸನೆಯಿಲ್ಲ. ಸೋರಿಕೆಯು ತಿಳಿಯಲೆಂದು ಗಂಧಕವುಳ್ಳ ಮರ್ಕ್ಯಾಪ್ಟನ ಎಂಬ ದುರ್ವಾಸನೆಯ ವಸ್ತುವನ್ನು ಬೆರೆಸಿರುವರು. ವಾಸನೆ ಬಂದೊಡನೆ ರೆಗ್ಯುಲೇಟರನ್ನು ಮುಚ್ಚಿ, ಬಾಗಿಲು ಕಿಟಕಿಗಳನ್ನು ತೆರೆದು, ವಿದ್ಯುತ್ತಿನ ಗುಂಡಿಯನ್ನು ಹಾಕದೆಯೂ ತೆಗೆಯದೆಯೂ ಹೊರಬರತಕ್ಕದ್ದು. ಹೊರಗೆ ಬಂದ ಮೇಲೆ ೧೯೦೬ ಸಂಖ್ಯೆಗೆ ಟೆಲಿಫೋನು ಮಾಡಬೇಕು.

ಸಿಲಿಂಡರನ್ನು ಯಾವಾಗಲೂ ನೆಟ್ಟಗೆ ನಿಲ್ಲಿಸಬೇಕು. ಅಡ್ಡ ಮಲಗಿಸಿದರೆ ವಾಯುವಿನ ಬದಲು ದ್ರವವೇ ಹೊರಬರುವದು. ಬಿಸಿಲಿನಲ್ಲಿಟ್ಟರೆ ಒಳಗಿನ ಒತ್ತಡವು ಏರುವದು.

೭. ಹಣ್ಣು ಮಾಡುವ ವಾಯುಗಳು

ಬಳಗದ ಚುರುಕು ಸ್ವಭಾವದ ಎಥಿಲೀನವನ್ನು ಹಣ್ಣುಗಳು ತಾವೇ ಉಂಟುಮಾಡುವವೆಂದು ೧೯೩೪ರಲ್ಲಿ ಇಂಗ್ಲೆಂಡಿನ ಗೇನ ಎಂಬ ಪಂಡಿತನು ಸಿದ್ಧಪಡಿಸಿದನು. ಮಾವಿನಕಾಯಿಗಳನ್ನು ಹುಲ್ಲಿನಲ್ಲಿ ಮುಚ್ಚಿ ಹಣ್ಣು ಮಾಡುವ ಹಳೆಯ ರೂಢಿಯು ಈ ವಾಯುವನ್ನು ಹೊರಗೆ ಬಿಡದೆ ಹಿಡಿದಿಡುವ ಉಪಾಯವೇ ಆಗಿದೆ. ಬಾಳೆಯ ಕೋಣೆಯಲ್ಲಿ ಹತ್ತು ಲಕ್ಷ ಪಾಲು ಗಾಳಿಗೆ ೧೦೦ ಪಾಲು ಎಥಿಲೀನವಿದ್ದರೆ ಸಾಕು. ಕಾಯ್ದೆಯೂ ಅದಕ್ಕೇ ಮಿತಿಯಿಟ್ಟಿದೆ. ೨೭ ಘನಮೀಟರಿನ ಕೋಣೆಗೆ ಇದು ಮೂರು ಲೀಟರೂ ಆಗದು, ಸ್ಫೋಟದ ಮೇರೆಗಿಂತ ಎಷ್ಟೋ ಕೆಳಗಿನದು.

ಕೆಲವು ವ್ಯಾಪಾರಿಗಳು ಇದಕ್ಕೆ ಬದಲಾಗಿ ಕಾರ್ಬೈಡಿನ ಪುಡಿಯನ್ನು ಉಪಯೋಗಿಸುವರು. ಕಾರ್ಬೈಡಿಗೆ ನೀರಿನ ಪಸೆ ತಗಲಿದರೆ ಅಸಿಟಿಲೀನವು ಹೊರಡುವದು. ಅದು ಎಥಿಲೀನದ ಕೆಲಸವನ್ನು ದುರ್ಬಲವಾಗಿ ಮಾಡುವದಾದರೂ, ಮಾರುವ ಕಾರ್ಬೈಡಿನಲ್ಲಿ ಫಾಸ್ಫೀನ ಮತ್ತು ಆರ್ಸೀನ ಎಂಬ ವಿಷವಾಯುಗಳ ಅಂಶವಿರುವದು. ೨೦೧೧ರ ಆಹಾರ ಸುರಕ್ಷತಾ ನಿಯಮಗಳು ಈ ರೀತಿಯನ್ನು ನಿಷೇಧಿಸಿವೆ. ಕೊಂಡವನ ಆರೋಗ್ಯದೊಡನೆ, ಮುಚ್ಚಿದ ಕೋಣೆಯಲ್ಲಿ ಕೆಲಸ ಮಾಡುವ ಕೂಲಿಕಾರನ ಪ್ರಾಣಕ್ಕೂ ಇದರಿಂದ ಭಯವಿದೆ. ಅಥಣಿಯ ಭಾಗದ ದ್ರಾಕ್ಷಿ ಬೆಳೆಗಾರರು ತಿಳಿದಿರಬೇಕಾದುದೇನೆಂದರೆ, ದ್ರಾಕ್ಷಿಯು ಬಳ್ಳಿಯಿಂದ ಕೊಯ್ದ ಮೇಲೆ ಬಾಳೆಯಂತೆ ಮಾಗುವ ಜಾತಿಯದಲ್ಲ. ಅದಕ್ಕೆ ಇವೆರಡೂ ನಿಷ್ಪ್ರಯೋಜಕ.

೮. ಆಚರಣೆಯಲ್ಲಿಡಬೇಕಾದ ನಿಯಮಗಳು

ಮೇಲಿನ ವಿವರಣೆಯ ಸಾರಾಂಶವನ್ನು ಊರ ಹಿರಿಯರು ಚಾವಡಿಯಲ್ಲಿಯೂ ಪಂಚಾಯತಿಯ ಸಭೆಯಲ್ಲಿಯೂ ಓದಿ ತಿಳಿಸುವದು ಯೋಗ್ಯವಾದುದು.

(೧) ಗೋಬರ ಗ್ಯಾಸಿನ ಗುಂಡಿಯ ಹತ್ತಿರ ದೀಪ, ಬೀಡಿ, ಬೆಂಕಿಕಡ್ಡಿ ಇವುಗಳನ್ನು ತರಬಾರದು. ಸೋರಿಕೆಯನ್ನು ಸಾಬೂನಿನ ನೀರಿನಿಂದಲೇ ಪರೀಕ್ಷಿಸಬೇಕು.

(೨) ಗುಂಡಿಯೊಳಗೆ ಯಾರನ್ನೂ ಇಳಿಸಬಾರದು. ದುರಸ್ತಿಗೆ ಅನಿವಾರ್ಯವಾದರೆ ತಿಳಿದವರಿಂದ, ರಾಡಿಯನ್ನೆಲ್ಲ ಹೊರಗಿನಿಂದಲೇ ತೆಗೆಸಿ, ಗಾಳಿಯಂತ್ರದಿಂದ ಬಹಳ ಹೊತ್ತು ಗಾಳಿ ಊದಿಸಿ, ವಾಯುವಿನ ಪರೀಕ್ಷೆ ಮಾಡಿಸಿ, ಇಳಿಯುವವನ ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಇಬ್ಬರನ್ನು ನಿಲ್ಲಿಸಿಯೇ ಮಾಡಿಸಬೇಕು.

(೩) ಯಾರಾದರೂ ಒಳಗೆ ಬಿದ್ದರೆ ಇನ್ನೊಬ್ಬರು ಹಾರಬಾರದು. ಗಾಳಿ ಊದುತ್ತ, ಹಗ್ಗವನ್ನು ಬಿಟ್ಟು, ಕೂಡಲೆ ೧೧೨ ಸಂಖ್ಯೆಗೆ ಟೆಲಿಫೋನು ಮಾಡಿ ಅಗ್ನಿಶಾಮಕ ದಳವನ್ನು ಕರೆಯಿಸಬೇಕು.

(೪) ಗುಂಡಿಯ ಬಾಯಿಗಳಿಗೆ ಗಟ್ಟಿಯಾದ ಮುಚ್ಚಳವಿರಬೇಕು. ಮಕ್ಕಳೂ ಕರುಗಳೂ ಹೋಗದಂತೆ ಬೇಲಿಯಿರಬೇಕು.

(೫) ಹಗೇವು, ಹಾಳುಬಾವಿಗಳಿಗೆ ಗಾಳಿಯಾಡಿಸದೆ ಇಳಿಯಬಾರದು. ಎಂಜಿನನ್ನು ಬಾವಿಯೊಳಗಿಟ್ಟು ನಡೆಸಬಾರದು.

(೬) ಸಿಲಿಂಡರನ್ನು ನೆಟ್ಟಗೆ, ನೆರಳಿನಲ್ಲಿ, ನೆಲದ ಸಮಕ್ಕೆ ಗಾಳಿಯಾಡುವಲ್ಲಿ ಇಡಬೇಕು.

(೭) ಕಾರ್ಬೈಡಿನಿಂದ ಹಣ್ಣು ಮಾಡುವವರಿಗೆ ಮಾಲನ್ನು ಕೊಡಬಾರದು.

ನಿಯಮಗಳನ್ನು ಬಾಯಿಪಾಠ ಮಾಡುವದಕ್ಕಿಂತ ಅವುಗಳ ಕಾರಣವನ್ನು ತಿಳಿಯುವದು ಹೆಚ್ಚಿನದು. ಒಳಗಿನ ವಾಯು ಯಾವುದು, ಅದು ಏರುವದೋ ಇಳಿಯುವದೋ, ಉರಿಯುವದೋ ಆರಿಸುವದೋ ಎಂದು ಮೊದಲು ವಿಚಾರಿಸುವ ಅಭ್ಯಾಸವುಳ್ಳ ಒಕ್ಕಲಿಗನು ಹಗೇವಿನ ದೀಪವನ್ನು ಗ್ಯಾಸಿನ ಗುಂಡಿಗೆ ಒಯ್ಯಲಾರನು. ಸೆಗಣಿಯಿಂದ ಒಲೆಯನ್ನೂ ಹೊಲವನ್ನೂ ಒಟ್ಟಿಗೆ ಸಲಹುವ ಈ ಮೀಥೇನವು ಆಗ ಅವನ ಮನೆಗೆ ನಂಬಿಕೆಯ ಆಳಾಗಿ ದುಡಿಯುವದು.